ಸಕ್ಕರೆಯ ನಿಯಮ, ಗುರುದೇವಿಯ ಅಪ್ಪಣೆ

ಶೈಲಶ್ರೀಯನ್ನು ನಾನು ಮೊದಲು ಕಂಡದ್ದು ಆಕೆ ನಮ್ಮ ಸೇಡಂ ಮನೆಯ ಮಹಡಿಗೆ ಬಾಡಿಗೆಗೆ ಬಂದ ದಿನ. ಕಾಗಿಣಾ ನದಿಯ ಕಡೆಯ ಗಾಳಿಗೆ ನಾನು ಕಟ್ಟೆಯ ಮೇಲೆ ಅರೆನಿದ್ದೆಯಲ್ಲಿದ್ದೆ. ಕನಸಿನ ಚಹಾದಲ್ಲಿ ಸಕ್ಕರೆ ಬಿಳಿ ಮೋಡದಂತೆ ಮೆಲ್ಲಗೆ ಕರಗುತ್ತಿತ್ತು. (ದಿನಕ್ಕೊಂದು ಚಮಚಕ್ಕೆ ವೈದ್ಯರ ಅಡ್ಡಿಯಿರಲಿಲ್ಲ, ನನ್ನ ಹೆಂಡತಿ ಗುರುದೇವಿಯ ಅಡ್ಡಿಯಿತ್ತು.) ಕಣ್ಣು ತೆರೆದರೆ ಎದುರಿಗೆ ಶೈಲಶ್ರೀ, ಕೈಯಲ್ಲಿ ಗುರುದೇವಿ ಕಳಿಸಿದ ಸಪ್ಪೆ ಚಹಾ.

ಒಂದು ಸಹಕಾರ ಸಂಘಕ್ಕೆ ಐದು ಊರುಗಳಲ್ಲಿರುವ ಕಂಪ್ಯೂಟರುಗಳನ್ನು ಕಾಯುವುದು ಆಕೆಯ ಉದ್ಯೋಗ. ಹಾಗೆಂದರೇನು ಎಂದು ಕೇಳಿದೆ.

“ನಿಯಮ ಬರಿಯೋದು ಒಂದು ಕೆಲಸ ಸರ್. ಬಾಗಿಲಿಗೆ ಬಂದವರಿಗೆ ಆ ನಿಯಮ ನೋಡಿ ಹೂಂ, ಊಹೂಂ ಅನ್ನೋದು ಬ್ಯಾರೆ ಕೆಲಸ. ನಿಯಮ ಸೇಡಂನಾಗ ಒಂದೇ ಕಡಿ ಇರ್ತದ. ಹೂಂ ಅನ್ನೋದು ಐದೂರಾಗೂ ನಡೀತದ.”

ನನಗೆ ಜ್ಞಾನೋದಯವಾಯಿತು. ಚಿತ್ತಾಪುರದ ನಾದಿನಿ, ವಾಡಿಯ ಮಗಳು, ಶಹಾಬಾದದ ತಂಗಿ, ಯಾರ ಮನೆಗೆ ಹೋದರೂ ಸಪ್ಪೆ ಚಹಾ ಸಿಗುತ್ತಿದ್ದುದು ಗುರುದೇವಿಯ ಫೋನಿನಿಂದ. ಶಾಸನಕರ್ತೆಯೂ ಆಕೆಯೇ, ದ್ವಾರಪಾಲಕಿಯೂ ಆಕೆಯೇ! ನಿಯಮ ಬರೆಯುವುದು ನನಗಿರಲಿ, ಸಕ್ಕರೆ ಡಬ್ಬಿ ನಿನಗಿರಲಿ ಎಂದು ಗುರುದೇವಿಗೆ ಹೇಳಿದೆ. ಆಕೆ ವಾದಿಸದೆ ಒಪ್ಪಿದಳು. (ಮೂವತ್ತೆಂಟು ವರ್ಷಗಳಲ್ಲಿ ಹೀಗಾದದ್ದು ಅದೇ ಮೊದಲು. ನಾನು ಆಗಲೇ ಹೆದರಬೇಕಿತ್ತು.)

ಮೂರು ಮಧ್ಯಾಹ್ನ ಕನಸು ಕಾಣುತ್ತ ನಿಯಮ ರಚಿಸಿದೆ. ಮೊದಲು ‘ಕೊಡತಕ್ಕದ್ದು’ ಎಂದು ಬರೆದೆ. ಅದರಲ್ಲಿ ಹೊಟ್ಟೆಬಾಕತನ ಕಂಡಿತು. ಹೊಡೆದುಹಾಕಿ, ಸೌಜನ್ಯದಿಂದ, “ಮನೆಯ ಹಿರಿಯರು ಕೇಳಿದಾಗ ದಿನಕ್ಕೊಂದು ಚಮಚ ಸಕ್ಕರೆ ಕೊಡಬಹುದು” ಎಂದು ತಿದ್ದಿದೆ. ಶೈಲಶ್ರೀ ಅದರ ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದಳು.

ಗುರುದೇವಿ ಸಂಜೆಯ ಚಹಾ ತಂದಳು. ಸಪ್ಪೆ.

“ನಿಯಮ ಏನಾತು?” ಎಂದೆ.

“ನಿಯಮ ಅದರಿ. ‘ಕೊಡಬಹುದು’ ಅಂತ ಬರದೀರಿ. ಕೊಡದೇನೂ ಇರಬಹುದಲ್ರಿ? ಊರ ಮಕ್ಕಳಿಗೆಲ್ಲ ವ್ಯಾಕರಣ ಕಲಿಸಿದವರು ನೀವು.”

ಮರುದಿನ ಬಸ್ಸು ಹತ್ತಿ ವಾಡಿಗೆ ಹೋದೆ, ಆಮೇಲೆ ಚಿತ್ತಾಪುರಕ್ಕೆ. ಎಲ್ಲೆಡೆ ಅದೇ ಅರ್ಥವಿವರಣೆ, ಅದೇ ಚಹಾ. ತಿದ್ದುಪಡಿ ಮಾಡೋಣವೆಂದು ಶೈಲಶ್ರೀಯ ಮೊರೆಹೊಕ್ಕೆ.

ಆಕೆ ತಲೆ ತಗ್ಗಿಸಿದಳು. “ನಿಯಮ ಯಾರು ತಿದ್ದಬೇಕು ಅನ್ನೋ ನಿಯಮ ನಿನ್ನೆನೇ ಅಮ್ಮಾರು ಬರದಾರ ಸರ್. ಅದರಾಗ ನಿಮ್ಮ ಹೆಸರಿಲ್ಲ.”

ಶೈಲಶ್ರೀ ಈಗ ಚಿಂಚೋಳಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದೇ ವಿದ್ಯೆ ಕಲಿಸುತ್ತಾಳೆ. ಕಳೆದ ವಾರ ನೋಡಲು ಹೋದೆ. ನಮ್ಮ ಸೇಡಂ ಮಾಸ್ತರು ಎಂದು ಆಕೆ ಪರಿಚಯಿಸಿದೊಡನೆ ತರಗತಿಯವರೆಲ್ಲ ಎದ್ದು ನಿಂತು ಕೈಮುಗಿದರು. ಗುರುಭಕ್ತಿ ಇನ್ನೂ ಉಳಿದಿದೆಯೆಂದು ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಿಂದಿನ ಸಾಲಿನವಳೊಬ್ಬಳು ಪಕ್ಕದವಳಿಗೆ ಮೆಲ್ಲಗೆ ಹೇಳಿದಳು:

“ಮೇಡಂ ಪಾಠದಾಗ ಬರೋ ‘ಬಹುದು ಮಾಸ್ತರ’ ಇವರೇ ನೋಡು.”