ಎರಡು ಟ್ರ್ಯಾಕಿನ ಬಸ್ಸು

ಇನ್ನೊಬ್ಬರ ಕೆಲಸ ನೋಡುವುದಕ್ಕೆ ಯಾವತ್ತೂ ಸುಲಭ. ಉಣ್ಣುವವನಿಗೆ ಒಗ್ಗರಣೆ ಹಾಕುವುದು ಸುಲಭ, ಕ್ಷೌರಕ್ಕೆ ತಲೆ ಒಡ್ಡಿದವನಿಗೆ ಕತ್ತರಿ ಆಡಿಸುವುದು ಸುಲಭ. ನಾನು ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಹಾಗಾಗಿ ನನ್ನ ಕಣ್ಣಿಗೆ ಜಗತ್ತಿನ ಅತಿ ಸುಲಭದ ಕೆಲಸವೆಂದರೆ ಡ್ರೈವರನದು. ನಮ್ಮ ಡ್ರೈವರ್ ರುದ್ರೇಶ ಹಂಪು ಕಂಡಾಗಲೆಲ್ಲ ಬ್ರೇಕು ಒತ್ತುವ ರಭಸಕ್ಕೆ, ಹಿಂದಿನ ಸೀಟಿನಲ್ಲಿ ಟಿಕೆಟ್ ಕೊಡುತ್ತಿದ್ದ ನಾನು ಮುಂದಿನ ಸೀಟಿನವರ ಮಡಿಲಿಗೆ ಬಂದಿರುತ್ತೇನೆ. "ನೋಡ್ಕಂಡ್ ಬ್ರೇಕ್ ಹಾಕಪ್ಪಾ, ಹಿಂದೆ ಮನುಷ್ಯರವ್ರೆ" ಎಂದು ದಿನವೂ ಹೇಳುತ್ತೇನೆ. ಒಂದು ದಿನ ಅವನಿಗೂ ರೇಗಿತು. ಗುಬ್ಬಿ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರ ಎದುರಿಗೇ, "ಬಾಯಲ್ಲಿ ಎಲ್ರೂ ಬಸ್ ಓಡಿಸ್ತಾರೆ ಕಂಡಕ್ಟ್ರೇ. ನೀವ್ ಒಂದಿನ ಓಡ್ಸಿ ತೋರ್ಸಿ, ಆಮೇಲೆ ಮಾತಾಡಿ" ಎಂದುಬಿಟ್ಟ.

ನನಗೆ ಲೈಸೆನ್ಸ್ ಇಲ್ಲ. ಆದರೆ ಮನೆಯ ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಗೇಮ್ ಇದೆ, ಅದರಲ್ಲಿ ನಾನು ಎಂಥ ಘಾಟಿಯಲ್ಲೂ ಬಸ್ಸು ಇಳಿಸುತ್ತೇನೆ. ಸರಿ, ಅದನ್ನೇ ನನ್ನ ವಿವರಣೆಯ ಸಮೇತ ವಿಡಿಯೋ ಮಾಡಿ ಅದೇ ಟೀ ಅಂಗಡಿಯಲ್ಲಿ ಅವನ ಮುಂದೆ ಹಿಡಿಯುತ್ತೇನೆ ಎಂದು ತೀರ್ಮಾನಿಸಿದೆ. ಮಾನದ ಪ್ರಶ್ನೆ ನೋಡಿ.

ಮಾನ ಉಳಿಸಿಕೊಳ್ಳುವುದು ಇಷ್ಟು ತಾಪತ್ರಯದ ಕೆಲಸ ಎಂದು ಗೊತ್ತಿದ್ದರೆ ಅದನ್ನು ಅಂದೇ ಸ್ಟ್ಯಾಂಡಿನಲ್ಲಿ ಬಿಟ್ಟು ಬರುತ್ತಿದ್ದೆ. ಮೊದಲ ರೆಕಾರ್ಡಿಂಗಿನಲ್ಲಿ ಎಂಜಿನ್ನಿನ ಆರ್ಭಟಕ್ಕೆ ನನ್ನ ಮಾತು ಮುಳುಗಿಹೋಗಿತ್ತು, ಕುಕ್ಕರಿನ ವಿಷಲ್ಲು ಮಾತ್ರ ಸ್ಪಷ್ಟವಾಗಿತ್ತು. ಎಂಜಿನ್ನಿನ ಸದ್ದು ತಗ್ಗಿಸಿದರೆ ನನ್ನ ದನಿಯೂ ತಗ್ಗುತ್ತಿತ್ತು. ನನ್ನ ಹೆಂಡತಿ ಗಿರಿಜಾ ಬ್ಲೌಸ್ ಹೊಲಿಯುವುದನ್ನು ಕಲಿಸುವ ವಿಡಿಯೋ ಮಾಡುತ್ತಾಳೆ, ಅವಳನ್ನು ಕೇಳಿದೆ. "ನಾನು ಮಿಷಿನ್ ಸದ್ದು ಬೇರೆ, ನನ್ ಮಾತು ಬೇರೆ ಇಟ್ಕೊತೀನಿ ಕಣ್ರೀ. ನಿಮ್ ಆಟದ ಸೌಂಡ್ ಒಂದು ಟ್ರ್ಯಾಕು, ಮೈಕ್ ಇನ್ನೊಂದು ಟ್ರ್ಯಾಕು ಮಾಡ್ಕೊಳಿ. ಬೇಕಾದ್ದು ಏರಿಸ್ಬೋದು, ಬ್ಯಾಡದ್ದು ಇಳಿಸ್ಬೋದು" ಎಂದು ಸೆಟ್ಟಿಂಗು ತೋರಿಸಿಕೊಟ್ಟಳು.

ಹಾಗೇ ಮಾಡಿದೆ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಒಂದು ಬಸ್ಸಿನ ಹಿಂದೆ ಇನ್ನೊಂದು ಓಡಿದ ಹಾಗೆ ಕೇಳಿತು. ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೊಂಡೆ. ಕಿವಿಯ ತುಂಬ ಎಂಜಿನ್ ಕೇಳಿಸಿದರೆ ಕಂಡಕ್ಟರ್ ಆದವನು ಕಿರುಚದೆ ಇನ್ನೇನು ಮಾಡಿಯಾನು? ಎದುರು ಮನೆಯವರು ಗೇಟಿನ ಹತ್ತಿರ ಬಂದು, "ಏನ್ ಸ್ವಾಮಿ, ಮನೇಲೂ ಡ್ಯೂಟಿನಾ?" ಎಂದು ವಿಚಾರಿಸಿಕೊಂಡು ಹೋದರು. ಮೈಕಿಗೆ ಫ್ಯಾನಿನ ಸದ್ದು ಬರುತ್ತದೆಂದು ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬೆವರಿಳಿಸಿಕೊಂಡು ಇಡೀ ಟ್ರಿಪ್ ಮುಗಿಸಿದರೆ ಮೈಕನ್ನು ಆನ್ ಮಾಡುವುದನ್ನೇ ಮರೆತಿದ್ದೆ. ಕೀಲಿಮಣೆಯನ್ನು ಕಿತ್ತು ಬಾವಿಗೆ ಎಸೆಯುವಷ್ಟು ಸಿಟ್ಟು ಬಂತು. ನಮ್ಮ ಮನೆಯಲ್ಲಿ ಬಾವಿ ಇಲ್ಲದ್ದರಿಂದ ಅದು ಉಳಿಯಿತು.

ಕೊನೆಗೊಮ್ಮೆ ಎಲ್ಲ ಸರಿಹೋಯಿತು. ಪರದೆಯ ಮೇಲೆ ಎರಡು ಟ್ರ್ಯಾಕೂ ಅಕ್ಕಪಕ್ಕದ ಹೊಲಗಳ ಹಾಗೆ ಬೇರೆಬೇರೆಯಾಗಿ ಕಂಡವು. ಆ ಖುಷಿಯಲ್ಲಿ ವಿಡಿಯೋವನ್ನು ಒಮ್ಮೆಯೂ ಹಾಕಿ ಕೇಳದೇ ಫೋನಿಗೆ ತುಂಬಿಕೊಂಡು ಹೊರಟೆ. ಗಿರಿಜಾ ಹೊಲಿಗೆ ನಿಲ್ಲಿಸಿ, "ಎರಡನ್ನೂ ಕೂಡ್ಸಿ ತಗೊಂಡ್ ಹೋಗ್ರೀ, ಫೋನಲ್ಲಿ ಒಂದೇ ಟ್ರ್ಯಾಕ್ ಕೇಳ್ಸೋದು" ಅಂದಳು. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ದಿನ ಹೆಣಗಾಡಿ ಬೇರೆ ಮಾಡಿದ್ದನ್ನು ಈಗ ಮತ್ತೆ ಕೂಡಿಸಬೇಕಂತೆ. "ನಿನ್ನ ಬ್ಲೌಸ್ ನೀನ್ ನೋಡ್ಕೊ" ಎಂದು ಹೇಳಿ ಬಂದುಬಿಟ್ಟೆ.

ಟೀ ಅಂಗಡಿಯಲ್ಲಿ ರುದ್ರೇಶನ ಕೈಗೆ ಫೋನ್ ಕೊಟ್ಟೆ. ಅಂದು ಇದ್ದವರೆಲ್ಲ ಬಗ್ಗಿ ನೋಡಿದರು. ಬಸ್ಸು ಹೊರಟಿತು, ಎಂಜಿನ್ನಿನ ಸದ್ದಿನ ಸುಳಿವೇ ಇಲ್ಲ, ಫೋನು ಮೈಕಿನ ಟ್ರ್ಯಾಕನ್ನಷ್ಟೇ ಹಿಡಿದಿತ್ತು. ಆ ಮೌನದಲ್ಲಿ ನನ್ನ ದನಿಯೊಂದೇ. "ರೈಟ್, ರೈಟ್." ಖಾಲಿ ಬಸ್ಸಿನಲ್ಲಿ, "ಒಳಗ್ ನಡೀರಿ, ಒಳಗೆ." ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಲ್ಲಿಸಲು, "ಓಲ್ಡಾನ್." ನಾನು ವಿವರಣೆ ಕೊಡುತ್ತಿದ್ದೇನೆ ಎಂದೇ ತಿಳಿದಿದ್ದೆ, ಇದನ್ನೆಲ್ಲ ಯಾವಾಗ ಅಂದೆನೋ ದೇವರೇ ಬಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಹಂಪು ಬಂತು, ಬಸ್ಸು ಮುಗ್ಗರಿಸಿ ನಿಂತಿತು. ಫೋನಿನಿಂದ ನನ್ನದೇ ದನಿ ಕೇಳಿತು: "ನೋಡ್ಕಂಡ್ ಬ್ರೇಕ್ ಹಾಕಪ್ಪಾ, ಹಿಂದೆ ಮನುಷ್ಯರವ್ರೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ರುದ್ರೇಶ ವಿಡಿಯೋ ಮುಗಿಯುವ ತನಕ ನೋಡಿ, ಫೋನು ವಾಪಸ್ ಕೊಟ್ಟು ಕೇಳಿದ: "ಡ್ರೈವರ್ ಯಾರು ಕಂಡಕ್ಟ್ರೇ?"

ನಾನು ಫೋನನ್ನು ಜೇಬಿಗೆ ತುರುಕಿಕೊಂಡೆ.

"ಯಾರಾದ್ರೂ ಆಗ್ಲಿ ಬುಡಿ" ಎಂದ ಅವನು, ಟೀ ಲೋಟ ಕೆಳಗಿಡುತ್ತ. "ಪಾಪ, ಅವ್ನ ಕಷ್ಟ ನಂಗ್ ಗೊತ್ತು."

ಅಂದಿನಿಂದ ಬಸ್ಸಿನಲ್ಲಿ ರುದ್ರೇಶ ಹೇಗೆ ಬ್ರೇಕು ಹಾಕಿದರೂ ನಾನು ಕಂಬಿ ಹಿಡಿದು ಸುಮ್ಮನೆ ನಿಲ್ಲುತ್ತೇನೆ. ಬೈಯುವುದೆಲ್ಲ ಮನೆಗೆ ಹೋದ ಮೇಲೆ, ಕಂಪ್ಯೂಟರಿನ ಮುಂದೆ ಕೂತಿರುವ ಆ ಡ್ರೈವರನಿಗೆ. ಎಷ್ಟು ಹೇಳಿದರೂ ಆ ಮನುಷ್ಯನಿಗೆ ಬುದ್ಧಿ ಬರುತ್ತಿಲ್ಲ.