ಕೊಟ್ಟೂರಿಗೆ ಬಂದ ಹಿಮಾಚಲದ ನೊಣ

ಉತ್ತರದ ಚಳಿಯ ಕಡೆ ಹೋದಷ್ಟೂ ಹಣ್ಣಿನ ನೊಣ ದಪ್ಪ, ಮೈ ಕಪ್ಪು; ನಮ್ಮ ಬಿಸಿಲ ಕಡೆಯವು ಸಣ್ಣ, ಆದರೆ ಉಪವಾಸ ತಡೆಯುವುದರಲ್ಲಿ ಗಟ್ಟಿ. ಒಂದೇ ಕೋಣೆಯಲ್ಲಿಟ್ಟು ಸಾಕಿದರೂ ಈ ಗುಣ ಹೋಗುವುದಿಲ್ಲ, ವಂಶದಲ್ಲೇ ಇಳಿದು ಬರುತ್ತದೆ. ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಪ್ರಾಣಿಶಾಸ್ತ್ರದ ಮೇಡಂ. ಅವರ ಕೈಕೆಳಗೆ ಸಂಶೋಧನೆಗೆ ಸೇರಿ, ತೊಂಬತ್ತರ ದಶಕದ ಕೊನೆಗೆ ಬಾಟಲಿ ಹಿಡಿದು ಊರೂರು ನೊಣ ಹಿಡಿಯಲು ಹೊರಟೆ. ನೊಣ ಸಿಕ್ಕಷ್ಟು ಸಲವೂ ಮಾನ ಹೋಯಿತು.

೧. ಕೂಡ್ಲಿಗಿಯ ಬಾಳೆಹಣ್ಣು

ಬಸ್‌ ಸ್ಟ್ಯಾಂಡಿನ ಹಣ್ಣಿನ ಅಂಗಡಿ ತುಂಬ ಗಿರಾಕಿಗಳು. ಅವರ ಹಿಂದೆ ನಿಂತು, ಗದ್ದಲದಲ್ಲಿ ಕೇಳಿಸಲೆಂದು ಗಟ್ಟಿಯಾಗಿಯೇ, ನಿಮ್ಮಲ್ಲಿ ನೊಣ ಚೆನ್ನಾಗಿ ಸಿಗುತ್ತವಂತೆ, ಅದಕ್ಕೇ ಬಂದೆ ಎಂದೆ. ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅಂಗಡಿಯವನು ಬೈಯಲಿಲ್ಲ. ಕೊಳೆತ ಹಣ್ಣು ಪೊಟ್ಟಣ ಕಟ್ಟಿಕೊಟ್ಟು, "ಅಕ್ಕಾರ, ಎದುರಿನ ಅಂಗಡ್ಯಾಗೂ ಒಮ್ಮೆ ಹಿಂಗ ಕೂಗಿ ಕೇಳಿ ಹೋಗ್ರಿ" ಎಂದ.

೨. ಇಟ್ಟಿಗಿಯ ಹೆಂಗಸು

ಹಡಗಲಿ ಬಸ್ಸಿನಲ್ಲಿ ಪಕ್ಕ ಕೂತ ಇಟ್ಟಿಗಿ ಊರಿನ ಹೆಂಗಸು, ನನ್ನ ತೊಡೆಯ ಮೇಲಿನ ಬಾಟಲಿ ಏನೆಂದು ಕೇಳಿದಳು. ಓದಿದ ಹುಮ್ಮಸ್ಸಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ನೊಣಗಳಿಗೆ ಊಟ ಕೊಡದೆ ಇಟ್ಟು, ಯಾವ ಊರಿನವು ಎಷ್ಟು ಹೊತ್ತು ತಡೆಯುತ್ತವೆ ಎಂದು ನೋಡುತ್ತೇವೆ ಅಂದೆ. ಆಕೆ ನನ್ನ ಕೊರಳಿನ ತಾಳಿ ನೋಡಿದಳು, ಮತ್ತೆ ಬಾಟಲಿ ನೋಡಿದಳು.

"ಮನ್ಯಾಗ ಅತ್ತಿ ಅದಾಳೇನವ್ವಾ?"

ಇದ್ದಾರೆ ಎಂದೆ.

"ಆಕಿಗರ ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕ್ತೀ ಹೌದಿಲ್ಲೋ?"

ಇಡೀ ಬಸ್ಸು ನನ್ನ ಉತ್ತರಕ್ಕೆ ಕಾಯಿತು.

೩. ಅಡುಗೆಮನೆಯ ಬಾಟಲಿಗಳು

ಆ ಅತ್ತೆ ಇದ್ದದ್ದು ಕೊಟ್ಟೂರಿನಲ್ಲಿ, ನಮ್ಮ ಜೊತೆಗೇ. ಮೇಡಂ ಕಷ್ಟಪಟ್ಟು ಹಿಮಾಚಲದಿಂದ ನೊಣ ತರಿಸಿಕೊಟ್ಟಿದ್ದರು. ಅಲ್ಲಿನ ಹೆಣ್ಣಿಗೂ ಕೊಟ್ಟೂರಿನ ಗಂಡಿಗೂ ಹುಟ್ಟುವ ಮರಿಗಳು ಯಾರನ್ನು ಹೋಲುತ್ತವೆ ಎಂಬುದರ ಮೇಲೆ ನನ್ನ ಪ್ರಬಂಧವೇ ನಿಂತಿತ್ತು. ನಾವೇ ಜೋಡಿ ಮಾಡುವವರೆಗೆ ಆ ಹೆಣ್ಣುಗಳಿಗೆ ಬೇರೆ ಗಂಡಿನ ಗಾಳಿ ಸೋಕಬಾರದು. ಅದಕ್ಕೇ ನೊಣಗಳು ಕೋಶ ಒಡೆದು ಹೊರಬಿದ್ದ ಕೂಡಲೇ ಹಿಮಾಚಲದ ಹೆಣ್ಣು ಒಂದು ಬಾಟಲಿ, ಅಲ್ಲಿನ ಗಂಡು ಇನ್ನೊಂದು, ಕೊಟ್ಟೂರಿನ ಗಂಡು ಮತ್ತೊಂದು ಎಂದು ಬೇರೆ ಬೇರೆ ಇಟ್ಟು, ಅತ್ತೆಗೂ ಯಾವುದು ಯಾವುದೆಂದು ತೋರಿಸಿ, ಮೇಡಂ ಅವರನ್ನು ಕರೆತರಲು ಹೋದೆ.

ಬಂದು ನೋಡಿದರೆ ಎರಡು ಬಾಟಲಿ ತೊಳೆದು ಬೋರಲು ಹಾಕಿದೆ. ಮೂರನೆಯದರಲ್ಲಿ ಸಂತೆ ನೆರೆದಿದೆ. ಹರೆಯಕ್ಕೆ ಬಂದ ಹೆಣ್ಣುಗಳನ್ನು ಹಾಗೆ ಕೂಡಿಹಾಕಿದರೆ ಪಾಪ ತಟ್ಟುತ್ತದೆಂದು ಅತ್ತೆ ಎಲ್ಲವನ್ನೂ ಒಂದರೊಳಗೇ ಬಿಟ್ಟಿದ್ದರು. ಮೇಡಂ ತಲೆ ಹಿಡಿದುಕೊಂಡರು. ಹುಟ್ಟುವ ಮರಿಗಳಿಗೆ ಅಪ್ಪ ಯಾರೆಂದು ಹೇಳುವುದು, ನೊಣ ಕೊಟ್ಟ ಹಿಮಾಚಲದವರಿಗೆ ಏನೆಂದು ಬರೆಯುವುದು ಎಂದು ಗೊಣಗಿದರು.

ಅತ್ತೆ ಚಹಾದ ಲೋಟ ಅವರ ಕೈಗಿಡುತ್ತ ಸಮಾಧಾನ ಹೇಳಿದರು: "ನಮ್ಮ ಮನ್ಯಾಗ ಹುಟ್ಟಿದ್ದೆಲ್ಲ ನಮ್ಮವ ಬಿಡ್ರಿ. ಹೆಣ್ಣಿನ ಕಡ್ಯಾರಿಗೆ ಅಷ್ಟು ತಿಳಿಸಿಬಿಡ್ರಿ."