ದಿಕ್ಕಿಲ್ಲದ ಮೂರು ದೋಣಿಗಳು

ನೀರಿನ ಕೆಲಸಕ್ಕೆ ಸೇರಿ, ನೀರಿಗೇ ಬರ ಇರೋ ಕೋಲಾರ ಜಿಲ್ಲೆಯಲ್ಲಿ ಬಿದ್ದ ನನ್ನಂಥವನಿಗೆ ಇಂಥ ಫಜೀತಿಗಳು ತಪ್ಪಿದ್ದಲ್ಲ. ಎಪ್ಪತ್ತರ ದಶಕದ ಕೊನೆ. ಮೀನು ಸಾಕೋ ಆಫೀಸಿನಲ್ಲಿ ನಾನು ಹಂಗಾಮಿ. ಹಿಂದೆ ಯಾವುದೋ ಯೋಜನೆಯಲ್ಲಿ ಕೆರೆಗಳಿಗೆ ಕೊಟ್ಟಿದ್ದ ಮರದ ದೋಣಿಗಳು, ಎರಡು ವರ್ಷ ಕೆರೆ ಬತ್ತಿದಾಗ ಬಿಟ್ಟಲ್ಲೇ ಬಿದ್ದಿದ್ದವು. ಈಗ ನೀರು ಬಂದಿತ್ತು. ಕೊಳೆತ ದೋಣಿಗಳ ಮೊಳೆಗೆ ಬಲೆ ಹರಿಯುತ್ತಿತ್ತು, ಹಲಗೆಗೆ ಬಳಿದ ಟಾರು ನೀರಿಗೆ ಬಿಡುತ್ತಿತ್ತು. ಮೂರು ದೋಣಿ ಎತ್ತಿಸು, ಒಂದು ಮೀನುಮರಿಗೂ ಒಂದು ಹಕ್ಕಿಗೂಡಿಗೂ ಏಟಾಗಬಾರದು, ಹಾಗೆ ಮಾಡಿದರೆ ಖಾಯಂ ಮಾಡ್ತೀವಿ ಅಂತ ಆರ್ಡರಾಯಿತು. ಮಾಲೂರಿನ ಸೋದರಮಾವ ಬೇರೆ, ಖಾಯಂ ಆದರೆ ಮಗಳನ್ನು ಕೊಡ್ತೀನಿ, ಇಲ್ಲದಿದ್ದರೆ ಬೇರೆ ಕಡೆ ನೋಡ್ತೀನಿ ಅಂದುಬಿಟ್ಟಿದ್ದರು. ಆ ಹುಡುಗಿ ಅಂದ್ರೆ ನನಗೆ ಪ್ರಾಣ. ದೋಣಿ ಏನು, ಕೆರೆಯನ್ನೇ ಎತ್ತು ಅಂದಿದ್ರೂ ಹೊರಡ್ತಿದ್ದೆ.

ವಾರಸುದಾರರು

ಮೊದಲನೆಯದು ವಕ್ಕಲೇರಿ ಕಡೆ. ದೋಣಿ ಯಾರದು ಅಂತ ಏರಿ ಮೇಲೆ ನಿಂತು ಕೇಳಿದೆ. ನಮ್ಮದಲ್ಲ ಅಂದರು, ನೋಡೇ ಇಲ್ಲ ಅಂದರು. ಸರಿ, ಹಗ್ಗ ತಂದು ಕಟ್ಟಿದ್ದೇ ತಡ, ಮೂವರು ಓಡಿ ಬಂದು ದೋಣಿ ನಂದು ಅಂತ ಹಿಡಿದುಕೊಂಡರು. ಒಬ್ಬರಂತೂ ಅದು ತಾತನ ಕಾಲದ್ದು ಅಂದರು. ದೋಣಿ ಬಂದು ಆರು ವರ್ಷ ಆಗಿರಲಿಲ್ಲ.

ಹಾಗಾದರೆ ಯಾರದೋ ಅವರೇ ಎತ್ತಿಸಬೇಕು ಅಂದೆ. ತಾತನ ಆಸ್ತಿ ಅಂದವರೇ ಮೊದಲು ಜಾಗ ಖಾಲಿ ಮಾಡಿದರು. ಕೊನೆಗೆ ತಲೆ ಓಡಿಸಿ, ಯಾರು ಮೀನುಮರಿಗೆ ತೊಂದರೆ ಆಗದ ಹಾಗೆ ಎಳೀತಾರೋ ಹಲಗೆ ಅವರಿಗೇ ಅಂತ ಸಾರಿದೆ. ಅರ್ಧ ಊರೇ ಇಳಿಯಿತು. ಮರಿಗಳನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಆಚೆ ಬಿಟ್ಟು, ಮಗುವನ್ನು ಎತ್ತುವಂತೆ ದೋಣಿ ಎತ್ತಿದರು. ಹಲಗೆ, ಮೊಳೆ ಎಲ್ಲ ಹೋಗಿ ನನಗೆ ಉಳಿದದ್ದು ನಾನು ತಂದ ಹಗ್ಗ. ಅದಕ್ಕೂ ಇಬ್ಬರು ವಾರಸುದಾರರು ಬಂದರು.

ಎಮ್ಮೆ ಸವಾರಿ

ಗೌನಿಪಲ್ಲಿ ಹತ್ತಿರದ ಕೆರೆಯಲ್ಲಿ ದೋಣಿ ಎಳೆಯೋಕೆ ತಂದ ಎತ್ತುಗಳು ನೀರಿಗೆ ಕಾಲಿಡಲ್ಲ ಅಂತ ಮೊಂಡು ಹಿಡಿದವು. ಒಬ್ಬರು ಅಜ್ಜಿ, ನಮ್ಮ ಎಮ್ಮೆ ಕಟ್ಟು ನಾಯನಾ, ನೀರಂದ್ರೆ ಓಡಿ ಬರ್ತಾವೆ ಅಂದರು. ಎರಡು ಎಮ್ಮೆ ಕಟ್ಟಿದೆ. ನಾನು ದೋಣಿಯೊಳಗೆ ಕೂತು ನೀರು ಮೊಗೆದು ಹಾಕುತ್ತಿದ್ದೆ.

ಎಮ್ಮೆಗಳು ದಡ ನೋಡಿದವು, ನೀರು ನೋಡಿದವು, ತಿರುಗಿ ಸೀದಾ ಕೆರೆ ಮಧ್ಯಕ್ಕೆ ಹೊರಟವು. ದೋಣಿ ಹಿಂದೆ, ದೋಣಿಯಲ್ಲಿ ನಾನು. ಮೀನಿನ ಆಫೀಸಿನವನಾಗಿಯೂ ನನಗೆ ಈಜು ಬರಲ್ಲ ಅಂತ ಆವತ್ತು ಊರಿಗೆಲ್ಲ ಗೊತ್ತಾಯಿತು. ಪಕ್ಕದ ಜೊಂಡಿನಲ್ಲಿ ನೀರುಕೋಳಿಗಳು ಗೂಡು ಕಟ್ಟಿದ್ದವು. ಎಮ್ಮೆಗಳು ಅತ್ತ ತಿರುಗಿದರೆ ನನ್ನ ನೌಕರಿ, ನನ್ನ ಮದುವೆ ಎರಡೂ ಅಲ್ಲೇ ಮುಳುಗುತ್ತಿದ್ದವು. ಅಜ್ಜಿ ಮಾತ್ರ ನಿಧಾನವಾಗಿ ಮನೆಗೆ ಹೋಗಿ ಹಿಂಡಿ ಬಕೆಟ್ಟು ತಂದು ಅಲ್ಲಾಡಿಸಿದರು. ಆ ಸದ್ದಿಗೆ ಎಮ್ಮೆಗಳು ಎದ್ದ ರಭಸ ಇದೆಯಲ್ಲ, ದೋಣಿ ದಡ ಹತ್ತಿ, ಮಾವಿನ ತೋಪು ದಾಟಿ, ಕೊಟ್ಟಿಗೆಯಲ್ಲೇ ನಿಂತಿದ್ದು. ನಾನು ಇನ್ನೂ ಒಳಗೇ ಇದ್ದೆ. ಅಜ್ಜಿ ಬಂದು ನೋಡಿ ಕೇಳಿದರು, "ನೀನೂ ಹಿಂಡಿ ತಿಂತೀಯೇನ್ ನಾಯನಾ?"

ಖಾಲಿ ಕಾಲಂ

ಮೂರನೆಯದು ಆವನಿ ಹತ್ತಿರದ ಒಂದು ಸಣ್ಣ ಕಟ್ಟೆ. ಆವತ್ತು ನನ್ನ ಹಣೆಬರಹ ಬರೆಯೋಕೆ ಸಾಹೇಬರೇ ಬಂದರು. ಸಮುದ್ರದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದವರು. ಮುರಿದ ದೋಣಿಯೊಳಗೆ ಕೊರಮೀನು ಮರಿ ಮಾಡಿತ್ತು. ಎಳೆದರೆ ಮರಿಗಳು ಅಪ್ಪಚ್ಚಿ. ಏನಪ್ಪಾ ಮಾಡೋದು ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಸಾಹೇಬರು ಸಮುದ್ರಕ್ಕೆಂದು ಅಚ್ಚು ಹಾಕಿಸಿದ ಫಾರಂ ತೆಗೆದು ಉಬ್ಬರ ಎಷ್ಟೊತ್ತಿಗೆ, ಇಳಿತ ಎಷ್ಟೊತ್ತಿಗೆ ಅಂತ ಕೇಳಿದರು.

ಕಟ್ಟೆಗೆ ಉಬ್ಬರ ಇಳಿತ ಇರಲ್ಲ ಸಾರ್ ಅಂದೆ. ಕಾಲಂ ಖಾಲಿ ಇದ್ದರೆ ಮೇಲಿನವರು ಒಪ್ಪಲ್ಲ, ನಿನ್ನ ಖಾಯಮಾತಿಗೆ ನಾನು ಸಹಿ ಹಾಕಲ್ಲ ಅಂದರು. ಮಾವನ ಮಗಳು ಬೇರೆ ಯಾರದೋ ಹಸೆಮಣೆ ಮೇಲೆ ಕೂತ ಹಾಗೇ ಕಂಡಿತು.

ಗದ್ದೆಗಳಿಗೆ ತೂಬು ತೆಗೆದು ನೀರು ಬಿಡೋ ನೀರುಗಂಟಿ ಅಲ್ಲೇ ಏರಿ ಮೇಲೆ ಕೂತಿದ್ದ. ನೀರು ಇಳಿಸೋದು ತಾನೆ, ಅದು ನನ್ನ ಕೆಲಸ, ಇವತ್ತು ಹೆಂಗೂ ತೂಬು ತೆಗೀಬೇಕು ಅಂದ. ಸಾಹೇಬರ ಮುಖ ಅರಳಿತು. ಪೆನ್ನು ಹಿಡಿದು ಇಳಿತ ಎಷ್ಟು ಗಂಟೆಗೆ ಅಂದರು.

"ಮುದ್ದೆ ಉಂಡ್ಕೊಂಡು ಬತ್ತೀನಿ ಸ್ವಾಮಿ, ಆಮೇಲೆ."

ಸಾಹೇಬರು ಗಡಿಯಾರ ನೋಡಿಕೊಂಡು ಕಾದರು. ನೀರುಗಂಟಿ ಉಂಡು ಬಂದು ತೂಬು ತೆಗೆದ. ನೀರು ನಿಧಾನವಾಗಿ ಇಳಿಯುತ್ತಾ ಇಳಿಯುತ್ತಾ, ಕೊರಮೀನು ಮುರಿದ ಹಲಗೆ ಸಂದಿಯಿಂದ ಹೊರಬಂತು. ಕೆಂಪು ಮರಿಗಳ ಗುಂಪು ಅದರ ಹಿಂದೆಯೇ ಆಳಕ್ಕೆ ಹೋಯಿತು. ನನಗೆ ಕುಣಿಯಬೇಕು ಅನ್ನಿಸಿತು, ಕುಣಿದೂಬಿಟ್ಟೆ. ಖಾಲಿ ದೋಣಿಯನ್ನು ಎಳೆದು ದಡಕ್ಕೆ ಹಾಕಿದೆವು.

ಇನ್ನು ಉಬ್ಬರದ ಕಾಲಂ ಒಂದು ಬಾಕಿ. ಸಾಹೇಬರು ಬಲು ಗೌರವದಿಂದ ನೀರುಗಂಟಿಯನ್ನೇ ಕೇಳಿದರು, "ಉಬ್ಬರ ಯಾವಾಗ?"

ಅವನು ಆಕಾಶ ನೋಡಿ, "ಮುಂದಿನ ವರ್ಷ ಸ್ವಾಮಿ, ಮಳೆ ಬಂದ್ರೆ" ಅಂದ.

ಸಾಹೇಬರು ಅದನ್ನೂ ಹಾಗೇ ಬರೆದು ಸಹಿ ಹಾಕಿದರು. ನಾನು ಖಾಯಂ ಆದೆ.